ಬಿಟ್ಟಿ ಬಸ್ಸಿನ ಮಾತು

ಶಿರಂಗಾಲದ ಬಸ್ಸಿನಲ್ಲಿ ದಿನವೂ ಕೇಳುತ್ತೇನೆ: "ಬಿಟ್ಟಿ ಬಸ್ಸು ಬಂದ ಮೇಲೆ ಹೆಂಗಸರು ಮನೇಲಿ ನಿಲ್ಲೋದೇ ಇಲ್ಲ." ಯಾಕೆ ನಿಲ್ಲಬೇಕು? ಕೊಡಗಿಗೆ ರೈಲಿಲ್ಲ, ಬಸ್ಸೇ ಗತಿ. ಏಟು ತಿಂದವಳು ಕುಶಾಲನಗರಕ್ಕೆ ಹೋಗಿ ದೂರು ಕೊಡಬೇಕೆಂದರೆ, ಹೊಡೆದವನ ಮುಂದೆಯೇ ಬಸ್ ಚಾರ್ಜಿಗೆ ಕೈಯೊಡ್ಡಬೇಕಿತ್ತು. 2005ರಲ್ಲೇ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಂತು. ಸೆರಗಿನ ಗಂಟಿನಲ್ಲಿ ಕಾಸಿರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಆ ಕೈಯೊಡ್ಡುವುದು ತಪ್ಪಿತು. ಕೆಲವರಿಗೆ ಹೊಟ್ಟೆ ಉರಿಯುವುದು ಅದಕ್ಕೇ. ವರದಕ್ಷಿಣೆಯಲ್ಲಿ ಬೈಕು ಕೇಳಿ ಪಡೆದವರು ನಮ್ಮ ಟಿಕೆಟ್ಟಿನ ಲೆಕ್ಕ ಕೇಳುತ್ತಾರೆ! ಅಕ್ಕಂದಿರೇ, ಗುರುತಿನ ಚೀಟಿ ತೋರಿಸದೆ ಆ ಟಿಕೆಟ್ ಕೊಡುವುದಿಲ್ಲ. ನಿಮ್ಮ ಚೀಟಿ ಗಂಡನ ಬೀರುವಿನಲ್ಲಿದ್ದರೆ, ಈ ವಾರದ ಸಂಘದ ಸಭೆಗೆ ಬರುವ ಮೊದಲು ಈಚೆಗೆ ತೆಗೆದಿಟ್ಟುಕೊಳ್ಳಿ.