ಬಿಡುವು ಯಾರಪ್ಪನ ಆಸ್ತಿ?

ಹಾಸ್ಟೆಲಿನ ಗೆಳೆಯರೇ,

ಭೂಮಿ ಕೇಳಿದ್ದೇವೆ, ನೌಕರಿ ಕೇಳಿದ್ದೇವೆ, ಸ್ಕಾಲರ್‌ಶಿಪ್ ಕೇಳಿದ್ದೇವೆ. ಮರದ ಕೆಳಗೆ ಸುಮ್ಮನೆ ಕೂರುವ ಒಂದು ಮಧ್ಯಾಹ್ನವನ್ನು ಯಾವತ್ತಾದರೂ ಕೇಳಿದ್ದೇವಾ? ಅದು ಹೊಟ್ಟೆ ತುಂಬಿದವರ ಶೋಕಿ ಅಂತ ನಮ್ಮಲ್ಲೇ ಕೆಲವರು ಹೇಳ್ತಾರೆ. ಆ ಮಾತನ್ನ ನಾನು ಒಪ್ಪೋದಿಲ್ಲ.

ಬೆಂಗಳೂರಿನ ಲಾಲ್‌ಬಾಗನ್ನೇ ತಗೊಳ್ಳಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ. ಅದರೊಳಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅದರ ಮುಂದೆ ಮನುವಿನ ಶಾಸ್ತ್ರ ನಿನ್ನೆ ಮೊನ್ನೆಯದು. ಆ ಬಂಡೆ ಹತ್ತೋಕೆ ಜಾತಿ ಕೇಳುವವರಿಲ್ಲ. ಬಾಡಿಗೆ ಮನೆಗೆ ಜಾತಿ ಕೇಳುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಊರಿಂದ ಬಂದಿದ್ದ ಅವ್ವ, ಅಕ್ಕ, ಅಕ್ಕನ ಮಗಳನ್ನು ಒಂದು ಭಾನುವಾರ ಅಲ್ಲಿಗೆ ಕರಕೊಂಡು ಹೋಗಿದ್ದೆ. ಕೆರೆ ಕಡೆಗೆ ನಡೆದರೆ ಬಸ್ಸುಗಳ ಸದ್ದು ಸಣ್ಣಗಾಗುತ್ತದೆ. ಮಗು ಹುಲ್ಲಿನ ಮೇಲೆ ಉರುಳಾಡಿತು. ಅವ್ವ ಮಾತ್ರ, "ಇಷ್ಟು ಹುಲ್ಲು ಸುಮ್ನೆ ಬಿಟ್ಟವ್ರಲ್ಲ, ಎರಡು ಹೊರೆ ಆಯ್ತದೆ" ಅಂದಳು. ಕಲ್ಲುಬೆಂಚು ಖಾಲಿ ಇತ್ತು. ಅವಳು ಬೆಂಚಿನ ಪಕ್ಕ ನೆಲದ ಮೇಲೆ ಕೂತಳು. "ಮೇಲೆ ಕೂತ್ಕೊ ಅವ್ವ" ಅಂದರೆ, "ಯಾರಾದ್ರೂ ಬಂದ್ರೆ ಏಳ್ಬೇಕಲ್ಲ ಮಗ" ಅಂದಳು. ಯಾರೂ ಏಳು ಅಂದಿರಲಿಲ್ಲ. ಊರಿನ ಜಗಲಿಗಳು, ಅರಳೀಕಟ್ಟೆ ಅವಳ ಮೈಗೆ ಕಲಿಸಿದ ಪಾಠ ಅದು.

ಅವಳಿಗೆ ಹುಲ್ಲು ಅಂದ್ರೆ ಹೊರೆ, ಮರ ಅಂದ್ರೆ ಸೌದೆ, ಕೆರೆ ಅಂದ್ರೆ ದೂರ ನಿಂತು ಕಾಯೋದು. ಪ್ರಕೃತಿಯ ಮೇಲೆ ಪದ್ಯ ಬರೆದವರು ಕನ್ನಡದಲ್ಲಿ ಬೇಕಾದಷ್ಟಿದ್ದಾರೆ (ನಾನೂ ನಾಲ್ಕು ಬರೆದಿದ್ದೇನೆ, ಬಿಡಿ). ಕಳೆ ಕೀಳುವವಳು ಯಾವಾಗ ಕೂತು ನೋಡಬೇಕು ಅಂತ ಕೇಳಿದವರು ಕಡಿಮೆ.

ಬಾಬಾಸಾಹೇಬರು ಕೇಳಿದ್ದರು. ಕಾಂಗ್ರೆಸ್ಸು, ಗಾಂಧೀಜಿ ಅಸ್ಪೃಶ್ಯರಿಗೆ ಮಾಡಿದ್ದೇನು ಅಂತ ಪ್ರಶ್ನಿಸಿ 1945ರಲ್ಲಿ ತಂದ ಪುಸ್ತಕದಲ್ಲಿ, ಬಿಡುವಿಲ್ಲದೆ ಸಂಸ್ಕೃತಿ ಇಲ್ಲ, ಆ ಬಿಡುವು ಪ್ರತಿಯೊಬ್ಬ ಪ್ರಜೆಗೂ ಸಿಗಬೇಕು, ಯಂತ್ರ ಬೇಕಾದ್ದು ಅದಕ್ಕೇ ಎಂದು ವಾದಿಸಿದರು. ಬರೀ ವಾದವಲ್ಲ. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಲಿದ್ದಾಗಲೇ, 1946ರಲ್ಲಿ, ಫ್ಯಾಕ್ಟರಿಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು.

2024ರ ಆಗಸ್ಟಿನಲ್ಲಿ ಅದೇ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಬಾಬಾಸಾಹೇಬರ ಬದುಕಿನ ಮೇಲೆ ಫಲಪುಷ್ಪ ಪ್ರದರ್ಶನ ನಡೆಯಿತು. ಒಳ್ಳೇದೇ, ಸಂತೋಷ. ಆದರೆ ಕೂಲಿ ಮಾಡುವ ಮನೆಯೊಂದು ಆ ಹೂವು ನೋಡೋಕೆ ಬಂದರೆ ಗೇಟಿನ ಟಿಕೆಟ್ಟು, ಬಸ್ ಚಾರ್ಜು, ಕೆಲಸ ಬಿಟ್ಟ ದಿನದ ಕೂಲಿ ಇವೆಲ್ಲ ಕೂಡಿಸಿ ನೋಡಿ. ಅಂಬೇಡ್ಕರರನ್ನು ಹೂವಿನಲ್ಲಿ ಕಟ್ಟಿ, ಅವರ ಜನಕ್ಕೆ ಟಿಕೆಟ್ಟು ಹರಿದು ಕೊಡೋದು ಯಾವ ನ್ಯಾಯ?

ರೊಟ್ಟಿ ಗಂಟು ತಂದ ಅವ್ವಂದಿರನ್ನ ಹಾಸ್ಟೆಲ್ ಗೇಟಿನಿಂದಲೇ ಬಸ್ ಸ್ಟ್ಯಾಂಡಿಗೆ ಕಳಿಸಬೇಡಿ. ಊರಲ್ಲಿರುವ ಕೆರೆಗೋ ತೋಟಕ್ಕೋ ಕರಕೊಂಡು ಹೋಗಿ. ಏಪ್ರಿಲ್ 14, ಮೇ 1ರಂದು ಲಾಲ್‌ಬಾಗಿಗೆ ಟಿಕೆಟ್ ಬೇಡ, ರಸ್ತೆ ಗುಡಿಸುವವರ ಮನೆಯವರಿಗೆ ವರ್ಷಪೂರ್ತಿ ಬೇಡ ಅಂತ ತೋಟಗಾರಿಕೆ ಇಲಾಖೆಗೆ ಮನವಿ ಬರೆದಿದ್ದೇನೆ. ಮುಂದಿನ ಸಭೆಗೆ ತರುತ್ತೇನೆ, ಓದಿ ಸಹಿ ಹಾಕಿ.