ರಜಸೂತಕ: ವೇದಿಕೆಯಲ್ಲಿ ಬಿಟ್ಟೆವು, ಮನೆಯಲ್ಲಿ ಇಟ್ಟುಕೊಂಡೆವು



ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು ಎಂದು ಪ್ರತಿ ಬಸವ ಜಯಂತಿಯಲ್ಲೂ ಎದೆ ತಟ್ಟಿ ಹೇಳುತ್ತೇವೆ. ಜಾತಿ, ಜನನ, ಮರಣ, ಎಂಜಲು, ರಜಸ್ಸು ಇವುಗಳಲ್ಲಿ ಒಂದೂ ಲಿಂಗವಂತರಿಗೆ ತಟ್ಟದು ಎಂಬುದು ಬಸವಾದಿ ಶರಣರ ನಿಲುವು. ಚಪ್ಪಾಳೆ ಬೀಳುತ್ತದೆ. ಆ ಭಾಷಣ ಕೇಳಿ ಮನೆಗೆ ಹೋದ ತಾಯಿ ಮರುದಿನ ಹದಿಮೂರರ ಮಗಳಿಗೆ ಹೇಳುವುದೇನು? "ಮೂರು ದಿನ ಜಗಲಿ ಕಡೆ ಹಾಯಬ್ಯಾಡ, ಲಿಂಗ ಪೂಜೆ ಮಾಡಬ್ಯಾಡ, ಉಪ್ಪಿನಕಾಯಿ ಭರಣಿ ಮುಟ್ಟಬ್ಯಾಡ."

ಇಷ್ಟಲಿಂಗವನ್ನು ಪ್ರಾಣವಿರುವತನಕ ಅಂಗದಿಂದ ಅಗಲಿಸಬಾರದು ಎನ್ನುತ್ತೇವೆ. ಲಿಂಗ ಬಂದ ಅಂಗ ಅಂದೇ ಪಾವನವಾಯಿತು ಎನ್ನುತ್ತೇವೆ. ಹಾಗಾದರೆ ತಿಂಗಳಿಗೆ ಮೂರು ದಿನ ಅದು ಮೈಲಿಗೆಯಾಗುವುದು ಹೇಗೆ? ಒಂದೋ ಲಿಂಗದ ಮಾತು ಸುಳ್ಳು, ಇಲ್ಲವೇ ಮೈಲಿಗೆಯ ಮಾತು ಸುಳ್ಳು. ಎರಡನ್ನೂ ಒಂದೇ ಕೊರಳಲ್ಲಿ ಕಟ್ಟಿಕೊಂಡು ನಡೆಯಲಾಗದು. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು ಊರ ಹೊರಗಿಡುವ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಲೊಚಗುಟ್ಟುವ ನಾವು, ನಮ್ಮ ಆರ್‌ಸಿಸಿ ಮನೆಯೊಳಗೇ ಮೂಲೆಯಲ್ಲೊಂದು ಚಾಪೆ ಹಾಸಿಟ್ಟಿರುವುದನ್ನು ಮರೆಯುತ್ತೇವೆ.

ಈ ರಕ್ತ ಯಾವುದು ಎಂದು ಮಗಳಿಗೆ ಹೇಳಿದವರು ಯಾರು? ಅದು "ಕೆಟ್ಟ ರಕ್ತ" ಅಲ್ಲ. ಗರ್ಭ ನಿಂತರೆ ಕೂಸಿಗೆ ಆಸರೆಯಾಗಲೆಂದು ಗರ್ಭಕೋಶದ ಒಳಪದರ ತಿಂಗಳು ತಿಂಗಳು ಸಿದ್ಧವಾಗುತ್ತದೆ; ಗರ್ಭ ನಿಲ್ಲದಿದ್ದಾಗ ಕಳಚಿ ಹೊರಬರುತ್ತದೆ. ಒಂದು ಸಲಕ್ಕೆ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿ, ದೊಡ್ಡ ಚಮಚದಲ್ಲಿ ಎರಡು ಮೂರು. ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪಿ ಬರುವುದು ಸಹಜ, ಅದಕ್ಕೆ ಯಂತ್ರ ಕಟ್ಟಿಸಬೇಕಿಲ್ಲ. ಏಳೆಂಟು ದಿನ ದಾಟಿ ಹರಿದರೆ, ತಾಸಿಗೊಮ್ಮೆ ಪ್ಯಾಡ್ ತೊಯ್ದರೆ, ಹದಿನೈದು ತುಂಬಿದರೂ ಬರದಿದ್ದರೆ ವೈದ್ಯರ ಬಳಿ ಹೋಗಬೇಕು. ಇಷ್ಟು ಹೇಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ನಮ್ಮಲ್ಲಿಲ್ಲ. ಆದರೆ ಮಗಳು ಮೈನೆರೆದಾಗ ಸೀರೆ ಉಡಿಸಿ, ಆರತಿ ಮಾಡಿ, ಊರ ಅಗಸಿಯಲ್ಲಿ ಫ್ಲೆಕ್ಸ್ ಕಟ್ಟಲು ವಾರಗಟ್ಟಲೆ ಪುರುಸೊತ್ತಿದೆ! ತಾಯಿ ಮಗಳ ಕಿವಿಯಲ್ಲಿ ಹೇಳಲು ನಾಚುವ ಮಾತನ್ನು ಊರಿಗೆಲ್ಲ ಬಣ್ಣದ ಚಿತ್ರ ಹಾಕಿ ಸಾರುತ್ತೇವೆ. ಕೊಬ್ಬರಿ-ಬೆಲ್ಲ ತಿನ್ನಿಸಿ ಆರೈಕೆ ಮಾಡುವುದಕ್ಕೆ ನನ್ನ ತಕರಾರಿಲ್ಲ. ಫ್ಲೆಕ್ಸ್ ನೋಡಿ ವರನ ಕಡೆಯವರು ಬಾಗಿಲಿಗೆ ಬರುವುದಕ್ಕೆ ತಕರಾರಿದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ 2006ರ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದಿದೆ.

ಗಂಡುಮಕ್ಕಳ ಪಾಡು ಇನ್ನೂ ಕಡೆ. ಅವರಿಗೆ ಕೊಬ್ಬರಿ-ಬೆಲ್ಲವೂ ಇಲ್ಲ. ದನಿ ಒಡೆಯುತ್ತದೆ, ಮೊಡವೆ ಏಳುತ್ತದೆ, ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಎಷ್ಟೋ ಹುಡುಗರಿಗೆ ಎದೆ ಸ್ವಲ್ಪ ಊದಿಕೊಂಡು, ಬಹುಮಟ್ಟಿಗೆ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ಅಷ್ಟರೊಳಗೆ ಓರಗೆಯವರ ಗೇಲಿಗೆ ಅಂಜಿ ಅಂಗಿ ಬಿಚ್ಚಿ ಈಜುವುದನ್ನೇ ಬಿಟ್ಟಿರುತ್ತಾನೆ. ಪ್ರಸಾದ ನಿಲಯದಲ್ಲಿ ನಲವತ್ತು ಹುಡುಗರು ಸಾಲಾಗಿ ಮಲಗುವ ಕಡೆ, ನಸುಕಿನಲ್ಲಿ ಎದ್ದು ಕದ್ದು ಚಡ್ಡಿ ತೊಳೆಯುವ ಹುಡುಗನ ಅಂಜಿಕೆಯನ್ನು ಯಾರು ಕೇಳಿದ್ದಾರೆ? ಕೇಳುವುದಿರಲಿ, ಹೆಚ್ಚಿಸುವವರೇ ಬಹಳ. ಸಂಸ್ಕಾರ ಶಿಬಿರಗಳಲ್ಲಿ ಉಪನ್ಯಾಸಕರು ನಿಂತು, ಇಷ್ಟು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ, ಅದು ಹೋದರೆ ಬುದ್ಧಿ, ಕಣ್ಣು, ಆಯುಷ್ಯ ಎಲ್ಲ ಹೋದಂತೆ ಎಂದು ಇಂದಿಗೂ ಹೇಳುತ್ತಿದ್ದಾರೆ. ಇದು ಶರಣ ತತ್ತ್ವವೂ ಅಲ್ಲ, ವಿಜ್ಞಾನವೂ ಅಲ್ಲ. ವೀರ್ಯಾಣು ರಕ್ತ ಬಸಿದು ಆಗುವುದಿಲ್ಲ; ವೃಷಣದಲ್ಲಿ ಹಗಲಿರುಳು ಹುಟ್ಟುತ್ತಲೇ ಇರುತ್ತದೆ. ನಿದ್ದೆಯಲ್ಲಿ ಹೋದರೆ ಶಕ್ತಿ ಕುಂದದು. ಈ ಉಪನ್ಯಾಸ ಕೇಳಿ ನಡುಗಿದ ಹುಡುಗ, ಬಸ್ ನಿಲ್ದಾಣದ ಗೋಡೆಯ ಮೇಲೆ "ಧಾತು ದೌರ್ಬಲ್ಯ, ಗುಪ್ತರೋಗ" ಎಂದು ಬರೆಸಿದ ನಕಲಿ ವೈದ್ಯನ ಬಾಗಿಲು ತಟ್ಟುತ್ತಾನೆ. ಅಂಜಿಸಿದವರು ನಾವು, ರೊಕ್ಕ ಎಣಿಸಿಕೊಳ್ಳುವವರು ಅವರು.

"ಇದನ್ನೆಲ್ಲ ಹೇಳಿದರೆ ಮಕ್ಕಳು ಕೆಡುತ್ತವೆ" ಎಂಬ ಮಾತು ಬರುತ್ತದೆ. ಹಿಂದೆಯೂ ಬಂದಿತ್ತು. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಗದ್ದಲವೆದ್ದಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಕ್ಕಳು ಕೆಡದೆ ಉಳಿದರೇ? ಅಂದು ಕಿಸೆಯಲ್ಲಿ ಮೊಬೈಲ್ ಇರಲಿಲ್ಲ, ಇಂದು ಇದೆ. ನೀವು ಹೇಳದಿದ್ದರೆ ಅದು ಹೇಳುತ್ತದೆ, ಅತಿ ಹೊಲಸಾಗಿ ಹೇಳುತ್ತದೆ. ಇಂಥ ಶಿಕ್ಷಣದಿಂದ ಮಕ್ಕಳು ಬೇಗ ದಾರಿ ತಪ್ಪುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ ಯುನೆಸ್ಕೋ 2018ರ ಮಾರ್ಗದರ್ಶಿಯಲ್ಲಿ ಹೇಳಿದೆ. ಎಂಟನೇ ತರಗತಿಯ ವಿಜ್ಞಾನದಲ್ಲಿ ಹರೆಯದ ಪಾಠವಿದೆಯಲ್ಲ ಎನ್ನುವವರೂ ಇದ್ದಾರೆ. ಇದೆ, "ಮನೆಯಲ್ಲಿ ಓದಿಕೊಳ್ಳಿ" ಎಂದು ಮಾಸ್ತರರು ಪುಟ ತಿರುವುವ ಪಾಠ ಅದು. ಅಷ್ಟರಲ್ಲಿ ತರಗತಿಯ ಎಷ್ಟೋ ಹುಡುಗಿಯರು ಮುಟ್ಟಾಗಿ ವರ್ಷ ಕಳೆದಿರುತ್ತದೆ. ಐದನೇ, ಆರನೇ ತರಗತಿಯಲ್ಲೇ ಹೇಳಬೇಕಾದ ವಿಷಯವಿದು.

ನಾಚಿಕೆಯ ಮಾತಂತೂ ನಮಗೆ ಒಪ್ಪುವುದಿಲ್ಲ. ಹರೆಯದಲ್ಲಿ ಹೆಣ್ಣಿಗೂ ಗಂಡಿಗೂ ಮೂಡುವ ಗುರುತುಗಳನ್ನು ಅಚ್ಚ ಕನ್ನಡದಲ್ಲಿ ಹೆಸರಿಟ್ಟು ಕರೆದು, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲ ಎಂದು ತೋರಿಸಿದವರು ಜೇಡರ ದಾಸಿಮಯ್ಯನವರು, ಗೊಗ್ಗವ್ವೆಯವರು. ಆ ವಚನಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ ಬಹುಮಾನ ಕೊಡುತ್ತೇವೆ. ಮಗು ಅರ್ಥ ಕೇಳಿದರೆ ಗದರಿಸುತ್ತೇವೆ.

ಹೆಸರು ಗೊತ್ತಿಲ್ಲದ ಮಗು ದೂರು ಹೇಳಲಾರದು, ಇದು ಎಲ್ಲಕ್ಕಿಂತ ಭಾರವಾದ ಮಾತು. ಯಾರೋ ಮುಟ್ಟಬಾರದ ಕಡೆ ಮುಟ್ಟಿದರು ಎಂದು ಹೇಳಲು ಆ ಅಂಗದ ಹೆಸರು ಬೇಕು, ಹೇಳಿದರೆ ಬೈಯುವುದಿಲ್ಲ ಎಂಬ ಧೈರ್ಯ ಬೇಕು. ಮುಟ್ಟಿದವರು ಸೋದರಮಾವನಿರಲಿ, ಮಾಸ್ತರನಿರಲಿ, ಕಾವಿ ಉಟ್ಟವರೇ ಇರಲಿ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಎಷ್ಟು ಪ್ರಸಾದ ನಿಲಯಗಳ ಗೋಡೆಯಲ್ಲಿ ಬರೆಸಿದ್ದೇವೆ? ದಾನಿಗಳ ಹೆಸರಿಗೆ ಅಮೃತಶಿಲೆಯೇ ಇದೆ.

ಮತ್ತೊಂದು ಮಾತು, ನೀಲಿ ಮಾತ್ರೆಯದು. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಯೋಜನೆಯಿದೆ. ಮಲ ಕಪ್ಪಾಯಿತೆಂದು ಹೆದರಿ ಕಿಟಕಿಯಿಂದ ಎಸೆಯುವ ಮಕ್ಕಳಿದ್ದಾರೆ, ಎಸೆಯಿರಿ ಎನ್ನುವ ಪಾಲಕರೂ ಇದ್ದಾರೆ. ಕಪ್ಪಾಗುವುದು ಸಹಜ, ಹಾನಿಯಿಲ್ಲ. ಊಟವಾದ ಮೇಲೆ ನುಂಗಬೇಕು, ಜೊತೆಗೆ ಚಹಾ ಕುಡಿಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಕಂಡಿದೆ. ಇಂಥ ಮಕ್ಕಳನ್ನು ಮೂಲೆಗೆ ಕೂರಿಸಿ, ಉಳಿದದ್ದನ್ನು ಬಡಿಸುವುದು ಯಾವ ಆಚಾರ?

ಬೇಸಿಗೆ ಶಿಬಿರಗಳ ಆಮಂತ್ರಣ ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ಪೂಜ್ಯರಲ್ಲಿ, ಬಸವಪರ ಸಂಘಟನೆಗಳಲ್ಲಿ ಕೇಳುವುದಿಷ್ಟೆ: ವೀರ್ಯದ ಉಪನ್ಯಾಸ ತೆಗೆದು, ಆ ತಾಸನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಕೊಡಿ. ಹುಡುಗಿಯರಿಗೂ ಹುಡುಗರಿಗೂ, ಬೇಕಾದರೆ ಬೇರೆ ಬೇರೆ ಕೂರಿಸಿ. ಪ್ರಶ್ನೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕಲು ಒಂದು ಡಬ್ಬಿ ಇಡಿ, ಆ ಡಬ್ಬಿಯನ್ನು ವೈದ್ಯರ ಹೊರತು ಯಾರೂ ತೆರೆಯದಿರಲಿ. ಹುಡುಗಿಯರ ನಿಲಯದಲ್ಲಿ ಒಳಗಿನಿಂದ ಚಿಲಕ ಬೀಳುವ ಶೌಚಾಲಯ, ನೀರು, ಸಾಬೂನು, ಮುಚ್ಚಳವಿರುವ ಕಸದ ಬುಟ್ಟಿ ಇರಲಿ. ಆ ದಿನ ಮುಟ್ಟಾಗಿರುವ ಹುಡುಗಿಯೂ ಸಂಜೆಯ ಸಾಮೂಹಿಕ ಇಷ್ಟಲಿಂಗ ಪೂಜೆಯಲ್ಲಿ ಎಲ್ಲರ ಸಾಲಿನಲ್ಲೇ ಕೂರುತ್ತಾಳೆ ಎಂದು ಪತ್ರಿಕೆಯಲ್ಲೇ ಅಚ್ಚು ಹಾಕಿಸಿ.