ಬೊಜ್ಜಿನ ವಂಶವಾಹಿ: ಜನ ಬದಲಾದರೆ ಲೆಕ್ಕವೂ ಬದಲು

ಒಂದಿಷ್ಟು ಎಂಜಲು ಕೊಟ್ಟರೆ ನಿಮಗೆ ಬೊಜ್ಜು ಬರುವ ಸಾಧ್ಯತೆ ಎಷ್ಟೆಂದು ಹೇಳುತ್ತೇವೆ ಎನ್ನುವ ವಂಶವಾಹಿ ಪರೀಕ್ಷೆಗಳು ನಮ್ಮ ನಗರಗಳಲ್ಲೂ ಮಾರಾಟವಾಗುತ್ತಿವೆ. ವರದಿಯಲ್ಲಿರುವ ಅಂಕಿ ಯಾರ ಮೈ ಅಳೆದು ಬಂದದ್ದು ಎಂದು ಕೇಳುವವರು ಕಡಿಮೆ. ಈ ಬಗೆಯ ಸಂಶೋಧನೆಗೆ ಒಳಪಟ್ಟವರಲ್ಲಿ ಬಹುಪಾಲು ಜನ ಯುರೋಪ್ ಮೂಲದವರು. ಅವರ ಲೆಕ್ಕ ನಮಗೆ ಹಾಗೆಯೇ ಹೊಂದುತ್ತದೆ ಎಂದು ನಂಬುವುದು ತಪ್ಪು. ಆ ನಂಬಿಕೆಯ ಮೇಲೆ ವ್ಯಾಪಾರ ನಡೆಸುವುದು ಇನ್ನೂ ದೊಡ್ಡ ತಪ್ಪು.

2007ರಲ್ಲಿ ಬ್ರಿಟನ್ನಿನ ಸಂಶೋಧಕರು ಎಫ್‌ಟಿಒ ಎಂಬ ವಂಶವಾಹಿಗೂ ತೂಕಕ್ಕೂ ಇರುವ ನಂಟನ್ನು ಗುರುತಿಸಿದರು. ಅದರ ಅಪಾಯಕಾರಿ ರೂಪವನ್ನು ತಂದೆ, ತಾಯಿ ಇಬ್ಬರಿಂದಲೂ ಪಡೆದವರು, ಅದನ್ನು ಯಾರಿಂದಲೂ ಪಡೆಯದವರಿಗಿಂತ ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಿದ್ದರು. ಬೊಜ್ಜಿನ ಮೂಲವೇ ಸಿಕ್ಕಿತೆಂಬ ಸುದ್ದಿ ಹಬ್ಬಿತು. ಆದರೆ ಎಫ್‌ಟಿಒ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದರೊಳಗಿನ ಒಂದಕ್ಷರದ ವ್ಯತ್ಯಾಸವು ದೂರದಲ್ಲಿರುವ ಐಆರ್‌ಎಕ್ಸ್3 ಮತ್ತು ಐಆರ್‌ಎಕ್ಸ್5 ಎಂಬ ವಂಶವಾಹಿಗಳ ಮೇಲಿನ ಹಿಡಿತವನ್ನು ಸಡಿಲಿಸುತ್ತದೆ ಎಂದು 2015ರಲ್ಲಿ ಗೊತ್ತಾಯಿತು. ಆಗ ಕೊಬ್ಬಿನ ಕೋಶಗಳು ಶಕ್ತಿಯನ್ನು ಶಾಖವಾಗಿ ಕಳೆಯುವ ಬದಲು ಕೂಡಿಡತೊಡಗುತ್ತವೆ. ಹಸಿವನ್ನು ಹತೋಟಿಯಲ್ಲಿಡುವ ಎಂಸಿ4ಆರ್ ವಂಶವಾಹಿಯದ್ದೂ ಇಂಥದೇ ಕಥೆ. ಅದು ಕೆಟ್ಟಿರುವವರೆಲ್ಲ ಒಂದೇ ಪ್ರಮಾಣದಲ್ಲಿ ದಪ್ಪಗಾಗುವುದಿಲ್ಲ; ತೂಕ ಎಷ್ಟು ಏರುತ್ತದೆ ಎಂಬುದರಲ್ಲಿ ಉಳಿದ ನೂರಾರು ವಂಶವಾಹಿಗಳ ಪಾಲೂ ಇರುತ್ತದೆ.

ಒಬ್ಬರ ದೇಹದೊಳಗೇ ಇಷ್ಟು ಹೆಣಿಗೆಯಿದ್ದರೆ ಜನಾಂಗದಿಂದ ಜನಾಂಗಕ್ಕೆ ಚಿತ್ರ ಬದಲಾಗದೆ ಇರುತ್ತದೆಯೇ? ಸಮೋವಾ ದ್ವೀಪಗಳ ಜನರಲ್ಲಿ ಸಿಆರ್‌ಇಬಿಆರ್‌ಎಫ್ ಎಂಬ ವಂಶವಾಹಿಯ ಒಂದು ರೂಪ ಸಾಮಾನ್ಯ. ಯುರೋಪಿಯನ್ನರಲ್ಲಿ ಅದು ಇಲ್ಲವೆಂದೇ ಹೇಳಬೇಕು. ತೂಕದ ಮೇಲೆ ಅದರ ಪ್ರಭಾವ ಎಫ್‌ಟಿಒಗಿಂತ ಎಷ್ಟೋ ಹೆಚ್ಚು. ಆದರೂ ಅದನ್ನು ಪಡೆದವರಿಗೆ ಮಧುಮೇಹದ ಅಪಾಯ ಹೆಚ್ಚುವ ಬದಲು ತಗ್ಗುತ್ತದೆ. ದಪ್ಪಗಿರುವುದೆಂದರೆ ಎಲ್ಲ ಕಡೆಯೂ ಒಂದೇ ಕಾಯಿಲೆಯ ದಾರಿ ಎಂಬ ನಮ್ಮ ಗ್ರಹಿಕೆಯನ್ನೇ ಇದು ಅಲುಗಿಸುತ್ತದೆ.

ನಮ್ಮದು ಇದರ ಉಲ್ಟಾ ಚಿತ್ರ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಂದಿಗೆ ಹೋಲಿಸಿದರು. ಸರಾಸರಿ ತೂಕ ಇಲ್ಲಿ 2.7 ಕೆ.ಜಿ., ಅಲ್ಲಿ 3.5 ಕೆ.ಜಿ. ನಮ್ಮ ಮಕ್ಕಳಲ್ಲಿ ಸ್ನಾಯು ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಭಾರತೀಯರಲ್ಲಿ ಎಫ್‌ಟಿಒ ಕೂಡ ಬೇರೆ ರೀತಿ ವರ್ತಿಸುವಂತಿದೆ: ತೂಕದ ಪಾಲನ್ನು ಲೆಕ್ಕದಿಂದ ತೆಗೆದರೂ ಮಧುಮೇಹದೊಂದಿಗೆ ಅದರ ನಂಟು ಪೂರ್ತಿ ಅಳಿಯಲಿಲ್ಲ. ತೆಳ್ಳಗೆ ಕಾಣುವ ಮನುಷ್ಯನ ಹೊಟ್ಟೆಯೊಳಗೆ ಸೇರುವ ಕೊಬ್ಬು ತೂಕದ ಯಂತ್ರಕ್ಕೆ ಸಿಗುವಂಥದ್ದಲ್ಲ.

ಹಾಗೆಂದು ಎಲ್ಲವನ್ನೂ ರಕ್ತಸಂಬಂಧದ ತಲೆಗೆ ಕಟ್ಟಲಾಗದು. ಅಮೆರಿಕದ ಅರಿಜೋನಾದಲ್ಲಿರುವ ಪಿಮಾ ಬುಡಕಟ್ಟಿನ ವಯಸ್ಕರಲ್ಲಿ ಶೇ 38ರಷ್ಟು ಮಂದಿಗೆ ಮಧುಮೇಹವಿತ್ತು. ಮೆಕ್ಸಿಕೊದ ಗುಡ್ಡಗಾಡಿನಲ್ಲಿ ಉತ್ತು ಬಿತ್ತು ಬದುಕುವ ಅವರದೇ ಬಳಗದಲ್ಲಿ ಶೇ 7ರ ಆಸುಪಾಸು. 2 ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿ ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯೊಂದರಲ್ಲಿ, ಮೈ ಬಗ್ಗಿಸಿ ದುಡಿಯುವವರು, ವ್ಯಾಯಾಮ ಮಾಡುವವರಲ್ಲಿ ಎಫ್‌ಟಿಒ ಒಡ್ಡುವ ಅಪಾಯ ಶೇ 27ರಷ್ಟು ತಗ್ಗಿದ್ದು ಕಂಡಿತು. ಅಂದರೆ ವಂಶವಾಹಿಯ ಮಾತು ಎಷ್ಟು ನಡೆಯುತ್ತದೆ ಎಂಬುದು ನಾವು ಬದುಕುವ ಕ್ರಮಕ್ಕೂ ಬಿಟ್ಟದ್ದು.

ಆದ್ದರಿಂದ ನಮಗೆ ಬೇಕಿರುವುದು ಎರಡು ಬಗೆಯ ಮಾಹಿತಿಯನ್ನು ಜೋಡಿಸುವ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ‘ಜೀನೋಮ್ ಇಂಡಿಯಾ’ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ. ಒಳಮದುವೆಗಳಿಂದ ಸಾವಿರಾರು ಗುಂಪುಗಳಾಗಿ ಉಳಿದಿರುವ ಈ ನೆಲಕ್ಕೆ ಇದು ಆರಂಭವಷ್ಟೆ. ಜೀವನಕ್ರಮದ ದಾಖಲೆ ಹೇಗಿರಬೇಕು ಎಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ದಾರಿ ತೋರಿದೆ. 1934ರಿಂದೀಚೆಗಿನ ಹೆರಿಗೆ ದಾಖಲೆಗಳನ್ನು ಅದು ಜೋಪಾನವಾಗಿಟ್ಟಿದ್ದರಿಂದಲೇ ಹುಟ್ಟಿದಾಗಿನ ತೂಕಕ್ಕೂ ನಡುವಯಸ್ಸಿನ ಮಧುಮೇಹ, ಹೃದ್ರೋಗಕ್ಕೂ ಇರುವ ನಂಟನ್ನು ಹುಡುಕಲು ಸಾಧ್ಯವಾಯಿತು. ಅಲ್ಲಿ 1997–98ರ ಸುಮಾರಿಗೆ ಹುಟ್ಟಿದ ಮಕ್ಕಳನ್ನು ಬೆಳೆಯುತ್ತ ಹೋದಂತೆಯೂ ಅಳೆದರು.

ಇಂಥ ತಲೆಮಾರಿನ ಅಧ್ಯಯನಗಳಿಗೆ ಸರ್ಕಾರ ನಿರಂತರ ಹಣ ಕೊಡಬೇಕು. ರಾಯಚೂರು, ಚಾಮರಾಜನಗರಗಳಲ್ಲೂ ಅವು ಶುರುವಾಗಬೇಕು. ಅಲ್ಲಿಯವರೆಗೆ ಬೊಜ್ಜಿನ ವಂಶವಾಹಿ ಪರೀಕ್ಷೆ ಮಾರುವ ಪ್ರತಿಯೊಬ್ಬರೂ, ತಮ್ಮ ಲೆಕ್ಕ ಯಾವ ಜನರ ಮಾಹಿತಿಯ ಮೇಲೆ ನಿಂತಿದೆ ಎಂಬುದನ್ನು ವರದಿಯ ಮೊದಲ ಪುಟದಲ್ಲೇ, ಕನ್ನಡದಲ್ಲೇ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು.